ಹಲಸೂರು ಕೆರೆಯ ಹಕ್ಕಿಗಳು ಮತ್ತು ವಾಸೆಟ್ಠನ ಪ್ರಶ್ನೆ

☸️ *ದಿನಕ್ಕೊಂದು ಧಮ್ಮ ಚಿಂತನ* ☸️
ಇವತ್ತಿನ ಪಾಠ ಸುತ್ತನಿಪಾತದ ವಾಸೆಟ್ಠ ಸುತ್ತ. ಇದನ್ನು ಓದಲು ಚಳಿಗಾಲಕ್ಕಿಂತ ಒಳ್ಳೆಯ ಕಾಲ ಇಲ್ಲ, ಕೆರೆದಂಡೆಗಿಂತ ಒಳ್ಳೆಯ ಜಾಗ ಇಲ್ಲ. ನಮ್ಮ ಮರ್ಫಿ ಟೌನ್‌ನಿಂದ ಹಲಸೂರು ಕೆರೆ ನಡೆದೇ ಹೋಗುವಷ್ಟು ದೂರ. ಸ್ವೆಟರ್ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ಬೆಳಗ್ಗೆ ಆರೂವರೆಗೆ ಹೊರಟರೆ ಸಾಕು. ದುರ್ಬೀನು ಬೇಡ, ಕ್ಯಾಮೆರಾ ಬೇಡ. ಎರಡು ಕಣ್ಣು, ಸ್ವಲ್ಪ ತಾಳ್ಮೆ, ಇಷ್ಟೇ ಈ ಪಾಠದ ಸಾಮಗ್ರಿ.

*🔹 ಇಬ್ಬರು ಯುವಕರ ಜಗಳ*

ಭಗವಾನರು ಇಚ್ಛಾನಂಗಲ ಎಂಬ ಊರಿನ ಹತ್ತಿರದ ಕಾಡಿನಲ್ಲಿ ತಂಗಿದ್ದ ಕಾಲ. ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ಬ್ರಾಹ್ಮಣ ಯುವಕರು ಅಡ್ಡಾಡುತ್ತಾ ಒಂದು ವಾದಕ್ಕೆ ಬಿದ್ದರು. ಮನುಷ್ಯ ಬ್ರಾಹ್ಮಣನಾಗುವುದು ಯಾವುದರಿಂದ? ಭಾರದ್ವಾಜನ ಮಾತು: ತಾಯಿ ಕಡೆ, ತಂದೆ ಕಡೆ ಏಳು ತಲೆಮಾರು ಶುದ್ಧವಾಗಿದ್ದರೆ ಅವನು ಬ್ರಾಹ್ಮಣ. ವಾಸೆಟ್ಠನ ಮಾತು: ಶೀಲ ಇದ್ದವನು, ನಡತೆ ಸರಿ ಇದ್ದವನು ಬ್ರಾಹ್ಮಣ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸಲಾಗದೆ ಭಗವಾನರ ಬಳಿ ಬಂದರು.

ಭಗವಾನರು ನೇರವಾಗಿ ಉತ್ತರ ಹೇಳಿ ಕಳಿಸಲಿಲ್ಲ. ಮೊದಲು ಸುತ್ತಲೂ ನೋಡಿ ಎಂದರು. ಹುಲ್ಲು, ಮರ ನೋಡಿ. ಇರುವೆ, ಪತಂಗ ನೋಡಿ. ನಾಲ್ಕು ಕಾಲಿನ ಪ್ರಾಣಿ, ಹೊಟ್ಟೆಯ ಮೇಲೆ ಹರಿಯುವ ಹಾವು, ನೀರಿನ ಮೀನು, ರೆಕ್ಕೆಯ ಹಕ್ಕಿ, ಒಂದೊಂದನ್ನೂ ನೋಡಿ. ಅವುಗಳಲ್ಲಿ ಒಂದು ಜಾತಿಗೂ ಇನ್ನೊಂದು ಜಾತಿಗೂ ಹುಟ್ಟಿನಿಂದಲೇ ಬಂದ ಗುರುತು ಇದೆ. ಆಮೇಲೆ ಮನುಷ್ಯರನ್ನು ನೋಡಿ. ಕೂದಲು, ಕಿವಿ, ಕಣ್ಣು, ಮೂಗು, ಕೈ, ಕಾಲು, ಎಲ್ಲಿಯೂ ಅಂಥ ಗುರುತು ಸಿಗುವುದಿಲ್ಲ. ಮನುಷ್ಯರ ನಡುವಿನ ಭೇದ ಬರೀ 'ಸಮಞ್ಞಾ', ಅಂದರೆ ರೂಢಿಯಲ್ಲಿ ಇಟ್ಟುಕೊಂಡ ಹೆಸರು. ಇದು ಸುತ್ತದ ತಿರುಳು.

ಇದನ್ನು ನಂಬಿ ಎಂದು ಯಾರೂ ಹೇಳಬೇಕಿಲ್ಲ. ಹೋಗಿ ನೋಡಬಹುದು.

*🔹 ಕೆರೆಯಲ್ಲಿ ಗುರುತು ಹುಡುಕೋಣ*

ಹಲಸೂರು ಕೆರೆಯಲ್ಲಾಗಲಿ, ಕೆ.ಆರ್. ಪುರದ ಕಡೆಯ ಎಲೆಮಲ್ಲಪ್ಪ ಶೆಟ್ಟಿ ಕೆರೆಯಲ್ಲಾಗಲಿ, ಚಳಿಗಾಲದ ಬೆಳಗ್ಗೆ ನೀರಹಕ್ಕಿಗಳು ಕಣ್ಣಿಗೆ ಬೀಳುತ್ತವೆ.

ಕಲ್ಲಿನ ಮೇಲೋ ಒಣಕೊಂಬೆಯ ಮೇಲೋ ರೆಕ್ಕೆ ಬಿಚ್ಚಿಕೊಂಡು ನಿಂತಿರುವುದು *ನೀರುಕಾಗೆ*. ಅದರ ಗರಿ ನೀರನ್ನು ಹೀರುತ್ತದೆ. ಹಾಗಾಗಿ ಸುಲಭವಾಗಿ ಮುಳುಗಿ ಮೀನು ಹಿಡಿಯುತ್ತದೆ, ಹೊರಗೆ ಬಂದ ಮೇಲೆ ಬಿಸಿಲಿಗೆ ರೆಕ್ಕೆ ಒಣಗಿಸಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ತೇಲುವ *ಚುಕ್ಕೆ ಕೊಕ್ಕಿನ ಬಾತು* ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ಮೈಗೆಲ್ಲ ಸವರಿಕೊಳ್ಳುತ್ತದೆ. ನೀರು ಅದರ ಬೆನ್ನಿನ ಮೇಲೆ ನಿಲ್ಲುವುದಿಲ್ಲ. ಕರಿ ಕೊಕ್ಕು, ತುದಿಯಲ್ಲಿ ಹಳದಿ. ದೂರದಿಂದಲೇ ಗೊತ್ತಾಗುತ್ತದೆ.

ಕಂಡ ಕೂಡಲೇ ಗುಳಕ್ಕನೆ ಮಾಯವಾಗಿ ಇನ್ನೆಲ್ಲೋ ಏಳುವ ಪುಟ್ಟ ಹಕ್ಕಿ *ಗುಳುಮುಳುಕ*. ಬಾಲ ಇಲ್ಲವೇನೋ ಅನ್ನುವಷ್ಟು ಮೊಟಕು. ಕಾಲುಗಳು ದೇಹದ ತೀರಾ ಹಿಂದಕ್ಕಿರುವುದರಿಂದ ನೆಲದ ಮೇಲೆ ನಡೆಯುವುದು ಅದಕ್ಕೆ ಕಷ್ಟ, ನೀರೊಳಗೆ ಮಾತ್ರ ಬಾಣ. ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುಗುತ್ತದೆ. ದಂಡೆಯಲ್ಲಿ ಅಲುಗಾಡದೆ ನಿಂತ *ಕೊಳದ ಬಕ* ಮಣ್ಣಿನ ಬಣ್ಣ. ಹಾರಿದಾಗಲಷ್ಟೇ ಬಿಳಿ ರೆಕ್ಕೆ ತೆರೆದು ನಮ್ಮನ್ನು ಬೆಚ್ಚಿಸುತ್ತದೆ. *ಹೆಜ್ಜಾರ್ಲೆ* ಬಂದಿದ್ದರೆ ಅದರ ಕೊಕ್ಕಿನ ಕೆಳಗಿನ ಚೀಲ ನೋಡಿ. ಮೀನನ್ನು ನೀರಿನ ಸಮೇತ ಗೋರಿಕೊಂಡು, ನೀರು ಚೆಲ್ಲಿ, ಆಮೇಲೆ ನುಂಗುತ್ತದೆ.

ಇವುಗಳ ಜೊತೆಗೆ ಚಳಿಗಾಲದ ನೆಂಟರು. ಸಲಿಕೆಯಂಥ ಅಗಲ ಕೊಕ್ಕಿನ ಬಾತುಗಳು, ಬಿಳಿ ಹುಬ್ಬಿನ ಬಾತುಗಳು ಹಿಮ ಬೀಳುವ ಉತ್ತರದ ದೇಶಗಳಿಂದ ನಮ್ಮ ರಾಜ್ಯದ ಕೆರೆಗಳಿಗೆ ಇಳಿಯುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿವರ್ಷ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನೇ ದಾಟಿ ಬರುತ್ತವೆ. ಈ ಜಾತಿಯ ಹಕ್ಕಿಗಳು 7,000 ಮೀಟರ್‌ಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ತೆಳುಗಾಳಿಯಲ್ಲೂ ಉಸಿರಾಡುವ ರಕ್ತ, ಶ್ವಾಸಕೋಶ ಅವಕ್ಕೆ ಹುಟ್ಟಿನಿಂದಲೇ ಬಂದದ್ದು.

ಇನ್ನೊಂದು ಹಕ್ಕಿಯನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇವೆ. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಬಿಳಿ ಪಟ್ಟೆ, ಬಿಳಿ ಕೊಕ್ಕು. ನಮ್ಮ ಜನ ಅದಕ್ಕಿಟ್ಟ ಹೆಸರು *ನಾಮದ ಕೋಳಿ*. ಅದರ ನಾಮ ಮಳೆಗೆ ಅಳಿಯುವುದಿಲ್ಲ, ನೂರು ಸಲ ಮುಳುಗಿದರೂ ಅಳಿಯುವುದಿಲ್ಲ. ಮನುಷ್ಯನ ಹಣೆಯ ನಾಮವನ್ನು ಪ್ರತಿದಿನ ಬೆಳಗ್ಗೆ ಕನ್ನಡಿ ನೋಡಿಕೊಂಡು ಹೊಸದಾಗಿ ಬರೆದುಕೊಳ್ಳಬೇಕು. ಮುಖ ತೊಳೆದರೆ ಹೋಯಿತು. ವಾಸೆಟ್ಠ ಸುತ್ತವನ್ನು ಮಕ್ಕಳಿಗೆ ಅರ್ಥ ಮಾಡಿಸಲು ಈ ಒಂದು ಹಕ್ಕಿ ಸಾಕು.

*🔹 ಈಗ ನಡೆಯುವವರ ಕಡೆ ನೋಡಿ*

ನೀರಿನಿಂದ ಕಣ್ಣು ತೆಗೆದು ಕಾಲುದಾರಿಯ ಕಡೆ ತಿರುಗಿ. ಬೂಟು ಹಾಕಿಕೊಂಡು ಓಡುವ ಹುಡುಗಿ, ಕೋಲು ಹಿಡಿದ ತಾತ, ಟಿಫಿನ್ ಕ್ಯಾರಿಯರ್ ಹಿಡಿದು ಕೆಲಸಕ್ಕೆ ಹೊರಟ ಅಕ್ಕ, ಗುರುದ್ವಾರಕ್ಕೆ ಹೋಗುವ ಸರ್ದಾರ್ಜಿ, ರಸ್ತೆ ಗುಡಿಸುವ ಪೌರಕಾರ್ಮಿಕರು. ಅವರ ಬಟ್ಟೆ ನೋಡಿ ಕೆಲಸ ಊಹಿಸಬಹುದು, ಸಂಪಾದನೆ ಊಹಿಸಬಹುದು. ದೇಹ ನೋಡಿ ಜಾತಿ ಹೇಳಲು ಆಗುತ್ತದೆಯೇ? ಒಬ್ಬರ ಉಸಿರು ಚಳಿಯಲ್ಲಿ ಹೊಗೆಯಾದಂತೆಯೇ ಇನ್ನೊಬ್ಬರದೂ ಆಗುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ನಾಮದ ಕೋಳಿಯನ್ನು 'ನೀನು ಯಾರು' ಎಂದು ಯಾರೂ ಕೇಳುವುದಿಲ್ಲ. ನೋಡಿದರೆ ಗೊತ್ತು. ಆದರೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ನಮ್ಮನ್ನು ಏನೇನು ಕೇಳುತ್ತಾರೆ? 'ಯಾವ ಕಡೆಯವರು ನೀವು?' 'ವೆಜ್ಜಾ, ನಾನ್‌ವೆಜ್ಜಾ?' 'ಮನೆದೇವರು ಯಾವುದು?' 'ಪೂರ್ತಿ ಹೆಸರು ಹೇಳಿ.' ಇಷ್ಟು ಸುತ್ತಿ ಬಳಸಿ ಕೇಳಬೇಕಾದದ್ದು ಯಾಕೆ? ಕಣ್ಣಿಗೆ ಏನೂ ಕಾಣದೆ ಇರುವುದರಿಂದ. ಗುರುತು ದೇಹದಲ್ಲಿದ್ದಿದ್ದರೆ ಪ್ರಶ್ನೆಯೇ ಬೇಕಿರಲಿಲ್ಲ. ಭಗವಾನರ ಮಾತು ನಿಜ ಎಂಬುದಕ್ಕೆ ಆ ಮನೆ ಮಾಲೀಕನ ಪ್ರಶ್ನೆಯೇ ಸಾಕ್ಷಿ.

*🔹 'ಹಕ್ಕಿಗಳೂ ಬೇರೆ ಬೇರೆ ಇರುತ್ತವಲ್ಲ?'*

ಈ ಮಾತು ಹೇಳುವವರು ಸಿಗುತ್ತಾರೆ. ಬಾತು ಬಾತಿನ ಜೊತೆ, ಬಕ ಬಕದ ಜೊತೆ, ಪ್ರಕೃತಿಯೇ ಹೀಗಿರುವಾಗ ಜಾತಿ ತಪ್ಪೇನು ಎನ್ನುತ್ತಾರೆ. ಬಾತಿಗೂ ಬಕಕ್ಕೂ ಎಲುಬು ಬೇರೆ, ಕೊಕ್ಕು ಬೇರೆ, ಮೊಟ್ಟೆ ಬೇರೆ. ಮನುಷ್ಯರು ಹಾಗಲ್ಲ. 1936ರಲ್ಲಿ ಬಾಬಾಸಾಹೇಬರು 'ಜಾತಿ ವಿನಾಶ' ಭಾಷಣವನ್ನು ಪುಸ್ತಕವಾಗಿ ತಂದಾಗ ಇದನ್ನೇ ಎತ್ತಿಕೊಂಡರು. ಪಂಜಾಬಿನ ಬ್ರಾಹ್ಮಣನಿಗೂ ಅದೇ ಪಂಜಾಬಿನ ಚಮ್ಮಾರನಿಗೂ ಜನಾಂಗದ ವ್ಯತ್ಯಾಸ ಏನೂ ಇಲ್ಲ, ಜಾತಿ ಎನ್ನುವುದು ಒಂದೇ ಜನಾಂಗದ ಜನರನ್ನು ಸಮಾಜ ಒಡೆದು ಇಟ್ಟಿರುವ ರೀತಿ ಎಂದು ತೋರಿಸಿದರು. ವಾಸೆಟ್ಠನಿಗೆ ಸಿಕ್ಕ ಉತ್ತರವೇ 2,500 ವರ್ಷದ ನಂತರ ಮತ್ತೆ ಕೇಳಿಸಿತು.

ಇದರ ತಿರುಗುಮುರುಗು ತಪ್ಪನ್ನೂ ನಾವು ಮಾಡಬಾರದು. 'ನೋಡಿ, ಹಕ್ಕಿಗಳು ಎಷ್ಟು ಸಮಾನವಾಗಿ ಬದುಕುತ್ತವೆ, ಅವುಗಳಿಂದ ಕಲಿಯಿರಿ' ಎನ್ನುವ ಫಾರ್ವರ್ಡ್‌ಗಳು ಬಹಳ ಬರುತ್ತವೆ. ಅರ್ಧ ಗಂಟೆ ಕೆರೆದಂಡೆಯಲ್ಲಿ ಕೂತರೆ ನಿಜ ತಿಳಿಯುತ್ತದೆ. ನಾಮದ ಕೋಳಿಗಳು ಜಾಗಕ್ಕಾಗಿ ನೀರು ಚಿಮ್ಮಿಸಿ ಒದ್ದಾಡುತ್ತವೆ. ಬೇರೆ ಹಕ್ಕಿ ಹಿಡಿದ ಮೀನನ್ನು ಹದ್ದು ಕಿತ್ತುಕೊಳ್ಳುತ್ತದೆ. ದೊಡ್ಡದು ಚಿಕ್ಕದನ್ನು ತಿನ್ನುತ್ತದೆ. ಹಕ್ಕಿಗಳು ಸಂತರಲ್ಲ. ಸಮತೆ ಪ್ರಕೃತಿಯಿಂದ ಪುಕ್ಕಟೆಯಾಗಿ ಬರುವ ವಸ್ತುವೂ ಅಲ್ಲ. ಅದನ್ನು ಮನುಷ್ಯರು ತಿಳಿದು, ತೀರ್ಮಾನಿಸಿ, ದಿನವೂ ಕಟ್ಟಬೇಕು. ಅದಕ್ಕೇ ನಮಗೆ ಧಮ್ಮ ಬೇಕಾಯಿತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 9ನೆಯದು ಮನುಷ್ಯರ ಸಮಾನತೆಯನ್ನು ನಂಬುವುದು, 10ನೆಯದು ಅದನ್ನು ಸ್ಥಾಪಿಸಲು ಶ್ರಮಿಸುವುದು. ನಂಬಿಕೆಗೆ ಒಂದು, ದುಡಿಮೆಗೆ ಒಂದು. ಎರಡೂ ಬೇಕು.

*🔹 ಹದ್ದಿಗೂ ಅಂಟಿದ ಜಾತಿ*

ಈಗ ತಲೆ ಎತ್ತಿ ಆಕಾಶ ನೋಡಿ. ಕೆರೆಯ ಮೇಲೆ ಎರಡು ಬಗೆಯ ಹದ್ದು ಸುತ್ತುತ್ತವೆ. ಒಂದು ಕಂದು ಬಣ್ಣದ್ದು, ಬಾಲದಲ್ಲಿ ಸೀಳು. ನಾವು ದಿನಾ ನೋಡುವ ಹದ್ದು. ಇನ್ನೊಂದು ಇಟ್ಟಿಗೆ ಕೆಂಪು ಮೈಯದು, ತಲೆ ಎದೆ ಬಿಳಿ. ಅದನ್ನು ಜನ ಗರುಡ ಎನ್ನುತ್ತಾರೆ, ಕಂಡರೆ ಕೈಮುಗಿದು ಕಣ್ಣಿಗೊತ್ತಿಕೊಳ್ಳುತ್ತಾರೆ. ಮೊದಲನೆಯದನ್ನು ಕಂಡರೆ ಉಶ್ ಎಂದು ಓಡಿಸುತ್ತಾರೆ.

ಬ್ರಿಟಿಷರ ಕಾಲದ ಪಕ್ಷಿಶಾಸ್ತ್ರದ ಪುಸ್ತಕಗಳಲ್ಲಿ ಇವೆರಡರ ಇಂಗ್ಲಿಷ್ ಹೆಸರು ಏನು ಗೊತ್ತೇ? ಗರುಡ 'ಬ್ರಾಹ್ಮಿಣಿ ಕೈಟ್'. ಸಾಮಾನ್ಯ ಹದ್ದು 'ಪರಯಾ ಕೈಟ್'. ಮದ್ರಾಸ್ ಸೇನೆಯ ವೈದ್ಯರಾಗಿದ್ದ ಜೆರ್ಡನ್ 1860ರ ದಶಕದಲ್ಲಿ ಬರೆದ ಭಾರತದ ಹಕ್ಕಿಗಳ ಗ್ರಂಥದಲ್ಲೂ ಹದ್ದಿಗೆ ಈ ಹೆಸರೇ ಇದೆ. ಆಕಾಶದಲ್ಲಿ ಹಾರುವ ಹಕ್ಕಿಗೂ ಕೇರಿ, ಅಗ್ರಹಾರ ಹಂಚಿದರು. ಹದ್ದಿನ ಹೆಸರು ಈಗ 'ಬ್ಲ್ಯಾಕ್ ಕೈಟ್' ಎಂದು ಬದಲಾಗಿದೆ. 'ಬ್ರಾಹ್ಮಿಣಿ ಕೈಟ್' ಮಾತ್ರ ಹಾಗೆಯೇ ಉಳಿದಿದೆ.

ಹೆಸರು ಮರೆತು ಹಕ್ಕಿಯನ್ನಷ್ಟೇ ನೋಡಿ. ಗರುಡವೂ ಸತ್ತ ಮೀನು ತಿನ್ನುತ್ತದೆ, ಹದ್ದೂ ತಿನ್ನುತ್ತದೆ. ಕೊಳೆಯುವುದನ್ನು ತಿಂದು ಕೆರೆಯನ್ನು ಚೊಕ್ಕ ಮಾಡುವ ಕೆಲಸ ಎರಡರದೂ ಒಂದೇ. ಒಂದಕ್ಕೆ ನಮಸ್ಕಾರ, ಇನ್ನೊಂದಕ್ಕೆ ಕಲ್ಲು. ಇದು ಹಕ್ಕಿಯಲ್ಲಿರುವ ಭೇದವೋ, ನೋಡುವವರ ತಲೆಯಲ್ಲಿರುವ ಭೇದವೋ?

ದಂಡು ಪ್ರದೇಶದ ನಮಗೆ ಈ 'ಪರಯ' ಪದದ ಕಥೆ ಹೊಸದಲ್ಲ. ಪಂಡಿತ ಅಯೋತಿದಾಸರು (1845–1914) ಆ ಹೆಸರನ್ನು ನಿರಾಕರಿಸಿ, ನಾವು ಮೂಲದಲ್ಲಿ ಬೌದ್ಧರು ಎಂದು ಸಾರಿ, 1898ರಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಅದರ ಅಲೆ ಕೋಲಾರದ ಚಿನ್ನದ ಗಣಿಯ ಕಾರ್ಮಿಕರವರೆಗೂ ಬಂತು. ನಾಗಪುರದ ದೀಕ್ಷೆಗೆ ಐವತ್ತೆಂಟು ವರ್ಷ ಮೊದಲೇ ನಮ್ಮ ಹಿರಿಯರು ಬೇರೆಯವರು ಇಟ್ಟ ಹೆಸರನ್ನು ಹಿಂದಿರುಗಿಸಿದ್ದರು.

*🔹 ಹೆಸರು ಸುಳ್ಳು, ನೋವು ನಿಜ*

ಜಾತಿ ಬರೀ ಹೆಸರು ಎಂದಮಾತ್ರಕ್ಕೆ ಅದು ಹಗುರವಾದದ್ದು ಎಂದಲ್ಲ. ಬಾಂಬೆ ಶಾಸನ ಸಭೆ 1923ರಲ್ಲಿ ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕು ಎಂದು ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಅದನ್ನು ಒಪ್ಪಿತ್ತು. ಆದರೂ ಚವದಾರ್ ಕೆರೆಯ ನೀರನ್ನು ಹಕ್ಕಿ ಕುಡಿಯಬಹುದಿತ್ತು, ದನ ಕುಡಿಯಬಹುದಿತ್ತು, ನಮ್ಮವರು ಕುಡಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಆ ನೀರನ್ನು ಬೊಗಸೆಯಲ್ಲಿ ಎತ್ತಿದರು. ಸಿಕ್ಕಿದ್ದು ದೊಣ್ಣೆ ಏಟು. ಆಮೇಲೆ ಸಗಣಿ, ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಪರ ತೀರ್ಪು ಬಂದದ್ದು 1937ರಲ್ಲಿ.

ಆದ್ದರಿಂದ ಬಂಧುಗಳೇ, ಒಂದು ಕೆರೆಯ ಪಕ್ಕ ಸುಮ್ಮನೆ ಕೂತು ಬಾತುಕೋಳಿ ನೋಡುವುದನ್ನು ಸಣ್ಣ ವಿಷಯ ಎಂದುಕೊಳ್ಳಬೇಡಿ. ನಮ್ಮ ಅಜ್ಜ ಅಜ್ಜಿಯರಿಗೆ ಬೆಳಗಿನ ಹೊತ್ತು ಬಿಡುವು ಇರಲಿಲ್ಲ. ಬೇರೆಯವರ ಮನೆಯ ಪಾತ್ರೆ, ಬೇರೆಯವರ ಬೀದಿಯ ಕಸ, ಬೇರೆಯವರ ಕುದುರೆಯ ಲಾಯ ಅವರ ಬೆಳಗನ್ನು ತಿಂದವು. ನೀವು ಆ ಕಲ್ಲುಬೆಂಚಿನ ಮೇಲೆ ಯಾರ ಅಪ್ಪಣೆಯೂ ಇಲ್ಲದೆ ಕೂತಾಗ ಅವರ ಪಾಲಿನ ಬಿಡುವನ್ನೂ ಅನುಭವಿಸುತ್ತಿದ್ದೀರಿ.

*🔹 ಗುರುತು ಹುಡುಕುವ ನಮ್ಮದೇ ಕಣ್ಣು*

ಸುತ್ತದ ಕಷ್ಟದ ಭಾಗ ಇನ್ನು ಮುಂದೆ. ಬೇರೆಯವರು ನಮ್ಮಲ್ಲಿ ಗುರುತು ಹುಡುಕಿದರೆ ನಮಗೆ ಉರಿಯುತ್ತದೆ. ದೀಕ್ಷೆ ತೆಗೆದುಕೊಂಡ ಮೇಲೆ ನಾವು ಹುಡುಕುವುದನ್ನು ಬಿಟ್ಟಿದ್ದೇವೆಯೇ? ವಿಹಾರದಲ್ಲಿ ಒಂದೇ ಚಾಪೆಯ ಮೇಲೆ ಕೂತು ತಿಸರಣ ಹೇಳುತ್ತೇವೆ. ಮಗಳ ಮದುವೆಯ ಮಾತು ಬಂದಾಗ 'ಎಡಗೈಯವರಾ, ಬಲಗೈಯವರಾ?' 'ತಮಿಳು ಕಡೆಯವರಾ, ಕನ್ನಡದವರಾ?' ಎಂಬ ಪ್ರಶ್ನೆ ಮೆಲ್ಲಗೆ ತಲೆ ಎತ್ತುತ್ತದೆ. ಭಾರದ್ವಾಜ ಇಚ್ಛಾನಂಗಲದಲ್ಲಷ್ಟೇ ಇಲ್ಲ. ನಮ್ಮ ಮನೆಯ ಜಗುಲಿಯ ಮೇಲೂ ಕೂತಿದ್ದಾನೆ.

ಭಗವಾನರು ಯುವಕರಿಗೆ ಕೊನೆಗೆ ಹೇಳಿದ್ದು ಇದು: ಮನುಷ್ಯನನ್ನು ಅವನ ಕೆಲಸದಿಂದ, ನಡತೆಯಿಂದ ಅಳೆಯಿರಿ. ಉಳುವವನು ಉಳುವುದರಿಂದ ರೈತ. ಕದಿಯುವವನು ಕದಿಯುವುದರಿಂದ ಕಳ್ಳ. ಹಾಗೆಯೇ ಶ್ರೇಷ್ಠನಾಗುವುದೂ ನಡೆಯಿಂದ. ವರನನ್ನೋ ವಧುವನ್ನೋ ನೋಡುವಾಗ ಈ ಅಳತೆಗೋಲು ಹಿಡಿದರೆ ಸಾಕು: ಕುಡಿಯುತ್ತಾನೆಯೇ? ದುಡಿಯುತ್ತಾನೆಯೇ? ಹೆಂಡತಿಯ ಮಾತಿಗೆ ಬೆಲೆ ಕೊಡುತ್ತಾನೆಯೇ? ಪಂಚಶೀಲ ಬಾಯಲ್ಲಿದೆಯೋ, ಬದುಕಿನಲ್ಲಿದೆಯೋ?

*🔹 ಕೆರೆ ಯಾರದು?*

'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಬಾಲಕ ಸಿದ್ಧಾರ್ಥನ ಪ್ರಸಂಗ ಹೇಳಿದ್ದಾರೆ. ದೇವದತ್ತ ಹಕ್ಕಿಗೆ ಬಾಣ ಬಿಟ್ಟ. ಸಿದ್ಧಾರ್ಥ ಬಾಣ ಕಿತ್ತು ಆರೈಕೆ ಮಾಡಿದ. ಹೊಡೆದವನಿಗೇ ಬೇಟೆ ಸೇರಬೇಕು ಎಂದು ದೇವದತ್ತ ವಾದಿಸಿದ. ಕಾಪಾಡಿದವನಿಗೆ ಹಕ್ಕು, ಕೊಲ್ಲ ಹೊರಟವನಿಗೆ ಎಲ್ಲಿಯ ಹಕ್ಕು ಎಂದ ಸಿದ್ಧಾರ್ಥ. ತೀರ್ಪುಗಾರರು ಸಿದ್ಧಾರ್ಥನ ಮಾತನ್ನು ಎತ್ತಿಹಿಡಿದರು.

ಈ ತೀರ್ಪನ್ನು ನಮ್ಮ ಕೆರೆಗೆ ಅನ್ವಯಿಸಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಕೊಳಚೆ ನೀರು ಸೇರಿ ನೀರಿನಲ್ಲಿ ಆಮ್ಲಜನಕ ಕುಸಿದಿತ್ತು. ಮೀನು ಸತ್ತರೆ ನೀರುಕಾಗೆಗೆ ಊಟವಿಲ್ಲ, ಬಕಕ್ಕೆ ಊಟವಿಲ್ಲ. ಇಂಥ ಕೊಳೆಯನ್ನು ಎತ್ತುವ ಕೈಗಳು ಯಾರವು ಎಂಬುದು ನಮಗೆ ಚೆನ್ನಾಗಿ ಗೊತ್ತು. ಕೊಳಚೆ ಬಿಟ್ಟವರು ಬೇರೆ, ಅದನ್ನು ಬಾಚುವವರು ಬೇರೆ. ಸಿದ್ಧಾರ್ಥನ ನ್ಯಾಯದ ಪ್ರಕಾರ ಕೆರೆಯ ಮೇಲಿನ ಮೊದಲ ಹಕ್ಕು ಅದನ್ನು ಕಾಪಾಡುವವರದು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಈ ನ್ಯಾಯವನ್ನು ಬದುಕಿ ತೋರಿಸಿದ್ದಾರೆ. ಊರೊಳಗಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದೇ ಊರವರು ಅವನ್ನು ಕಾಯುತ್ತಾರೆ. ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿದ್ದು 2007ರಲ್ಲಿ. ಜನ ಕಾಯುತ್ತಾ ಬಂದದ್ದು ಅದಕ್ಕೂ ಎಷ್ಟೋ ಮೊದಲಿನಿಂದ. ಬಾಬಾಸಾಹೇಬರು ಮೈತ್ರಿಯನ್ನು ಕರುಣೆಗಿಂತ ಒಂದು ಹೆಜ್ಜೆ ಮುಂದಿಟ್ಟರು. ಕರುಣೆ ಮನುಷ್ಯರ ಮೇಲಿನ ಪ್ರೀತಿ, ಮೈತ್ರಿ ಸಕಲ ಜೀವಿಗಳ ಮೇಲಿನದು ಎಂದರು. ಅಂಥ ಮೈತ್ರಿಗೆ ಒಂದು ಊರಿನ ಹೆಸರು ಬೇಕಿದ್ದರೆ, ಇದು.

*🪷 ಈ ವಾರದ ಅಭ್ಯಾಸ*

1️⃣ ಭಾನುವಾರ ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಕೆರೆಗೆ ಹೋಗಿ. ಹತ್ತು ನಿಮಿಷ ಮಾತಿಲ್ಲದೆ ಒಂದೇ ಹಕ್ಕಿಯನ್ನು ನೋಡಿ. ಹೆಸರು ಆಮೇಲೆ. ಮೊದಲು ಕೊಕ್ಕು, ಕಾಲು, ಈಜುವ ರೀತಿ.

2️⃣ ಮೂರು ಹಕ್ಕಿಗಳ ಹುಟ್ಟುಗುರುತನ್ನು ಮಕ್ಕಳ ಕೈಯಿಂದ ಬರೆಸಿ. ಆಮೇಲೆ ದಾರಿಯಲ್ಲಿ ನಡೆಯುವ ಮೂವರಲ್ಲಿ ಅಂಥ ಗುರುತು ಹುಡುಕಲು ಹೇಳಿ. ಉತ್ತರವನ್ನು ನೀವು ಹೇಳಬೇಡಿ, ಅವರೇ ಹೇಳಲಿ.

3️⃣ ಬ್ರೆಡ್ಡು, ಖಾರ, ಪುರಿ ಎಸೆಯಬೇಡಿ. ಹಕ್ಕಿಗೆ ಅದು ಆಹಾರವಲ್ಲ, ನೀರಿನಲ್ಲಿ ಕೊಳೆಯುತ್ತದೆ. ಬರುವಾಗ ಕಾಲಡಿಯಲ್ಲಿ ಕಂಡ ಒಂದು ಪ್ಲಾಸ್ಟಿಕ್ ಕವರ್ ಎತ್ತಿ ಬುಟ್ಟಿಗೆ ಹಾಕಿ.

4️⃣ ಅಲ್ಲಿ ಗುಡಿಸುತ್ತಿರುವ ಪೌರಕಾರ್ಮಿಕ ಅಣ್ಣ, ಅಕ್ಕಂದಿರಿಗೆ ನಮಸ್ಕಾರ ಹೇಳಿ.

*🪷 ಚರ್ಚೆಗೆ*

❓ ಯಾರಾದರೂ 'ನೀವು ಯಾವ ಜನ?' ಎಂದು ಕೇಳಿದಾಗ ನಮ್ಮ ಬಾಯಿಂದ ಮೊದಲು ಬರುವ ಉತ್ತರ ಯಾವುದು? 'ನಾವು ಬೌದ್ಧರು' ಎನ್ನಲು ನಾಲಿಗೆ ಎಲ್ಲಿ ತಡವರಿಸುತ್ತದೆ?

❓ ನಮ್ಮ ಮನೆಯ ಕೊನೆಯ ಮದುವೆಯಲ್ಲಿ ಗೆದ್ದವನು ವಾಸೆಟ್ಠನೋ, ಭಾರದ್ವಾಜನೋ?

ಸುತ್ತದ ಕೊನೆಯಲ್ಲಿ ಇಬ್ಬರೂ ಯುವಕರು ಬುದ್ಧ, ಧಮ್ಮ, ಸಂಘಕ್ಕೆ ಶರಣಾದರು. ಸೋತವನು, ಗೆದ್ದವನು ಎಂಬ ಮಾತೇ ಅಲ್ಲಿ ಇಲ್ಲ. ವಾದಕ್ಕೆ ಬಂದ ಗೆಳೆಯರು ಗೆಳೆಯರಾಗಿಯೇ ಹಿಂದಿರುಗಿದರು. ನಮ್ಮ ಮನೆಗಳಲ್ಲೂ ಹಾಗೆಯೇ ಆಗಲಿ.

ಎಲ್ಲ ಜೀವಿಗಳಿಗೂ ಒಳಿತಾಗಲಿ.
ನಮೋ ಬುದ್ಧಾಯ 🙏 ಜೈ ಭೀಮ್ 💙

_ಓದಿ, ಮನೆಯಲ್ಲಿ ಎಲ್ಲರೊಂದಿಗೆ ಮಾತಾಡಿ, ನಾಲ್ಕು ಜನಕ್ಕೆ ಕಳಿಸಿ._